ಡಕ್ಟ್ ಕ್ಲೀನಿಂಗ್ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಬೇಕು? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಏರ್ ಡಕ್ಟ್, ಅಂದರೆ ಕಟ್ಟಡದಲ್ಲಿ ಎಸಿ ಗಾಳಿ ಸಾಗಿಸುವ ಕೊಳವೆ, ಅದನ್ನು ಸ್ವಚ್ಛ ಮಾಡುವ ಕೆಲಸದ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವಕ್ಕೇ. ನಾನು ಇದೇ ಕೆಲಸ ಮಾಡಿಕೊಂಡು ಬಂದವಳು, ಈಗ ಹೊಸಬರಿಗೆ ಹೇಳಿಕೊಡುತ್ತೇನೆ. ಬರೆದವರ ಹೆಸರು ಹಾಕಿಲ್ಲ. ಕೆಲವರು ತಾವು ಕೆಲಸ ಮಾಡುವ ಕಡೆಯ ವಿಷಯ ಬಿಚ್ಚಿ ಬರೆದಿದ್ದಾರೆ, ಅವರಿಗೆ ತೊಂದರೆ ಆಗಬಾರದು.

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಎಸಿ ಸರ್ವಿಸ್ ಮಾಡುವವರ ಹತ್ತಿರ ಸಹಾಯಕನಾಗಿದ್ದೇನೆ. ಡಕ್ಟ್ ಕ್ಲೀನಿಂಗ್‌ನಲ್ಲಿ ಮುಂದೆ ಬರಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಒಂದೇ ದಿನದಲ್ಲಿ ‘ಸರ್ಟಿಫೈಡ್ ಡಕ್ಟ್ ಕ್ಲೀನರ್’ ಅಂತ ಸರ್ಟಿಫಿಕೇಟ್ ಕೊಡುತ್ತಾರಂತೆ. ತಗೊಂಡರೆ ಉಪಯೋಗ ಇದೆಯಾ? ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮಾ, ಆ ಒಂದು ದಿನದ ಕಾಗದಕ್ಕೆ ದುಡ್ಡು ಸುರಿಯಬೇಡ.

ಈ ಕೆಲಸದಲ್ಲಿ ಎರಡು ಥರದ ಸರ್ಟಿಫಿಕೇಟ್ ಓಡಾಡುತ್ತವೆ. ಒಂದು, ನೀನು ಇಂಥ ತರಬೇತಿಗೆ ಬಂದಿದ್ದೆ ಅಂತ ಹೇಳುವ ಕಾಗದ. ಇನ್ನೊಂದು, ಪರೀಕ್ಷೆ ಬರೆಸಿ, ಪಾಸಾದ ಮೇಲೆ ನಿನ್ನ ಹೆಸರನ್ನು ಪಟ್ಟಿಗೆ ಸೇರಿಸಿ, ಆಮೇಲೂ ಆಗಾಗ ನವೀಕರಿಸು ಅಂತ ಕೇಳುವ ಪ್ರಮಾಣಪತ್ರ. ಮೊದಲನೆಯದು ಕೆಟ್ಟದ್ದು ಅಂತಲ್ಲ. ಮಷಿನ್ ತಯಾರಿಸುವ ಕಂಪನಿಗಳು ಕೊಡುವ ತರಬೇತಿ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ಕಲಿಯುವುದು ಅವರ ಮಷಿನ್ ನಡೆಸುವುದನ್ನು. ಡಕ್ಟ್ ನಿಜವಾಗಿ ಸ್ವಚ್ಛ ಆಯಿತೋ ಇಲ್ಲವೋ ಅಂತ ಅಳೆದು ಹೇಳುವುದು ಬೇರೆಯೇ ವಿದ್ಯೆ. ನಿನಗೆ ಬೆಲೆ ಬರುವುದು ಆ ಎರಡನೆಯದರಿಂದ.

ಯಾವ ಕೋರ್ಸ್ ಆದರೂ ಸರಿ, ದುಡ್ಡು ಕಟ್ಟುವ ಮೊದಲು ಬಾಯಿಬಿಟ್ಟು ಕೇಳು. ಪರೀಕ್ಷೆ ಯಾವ ಮಾನದಂಡದ ಮೇಲೆ ನಡೆಯುತ್ತದೆ? ಆ ಮಾನದಂಡ ನನಗೆ ಓದಲು ಸಿಗುತ್ತಾ? ಪಾಠ ಮಾಡಿದವರೇ ಪ್ರಶ್ನೆ ತೆಗೆದು ಅವರೇ ಪಾಸ್ ಮಾಡುತ್ತಾರಾ? ಗಿರಾಕಿ ನನ್ನ ಹೆಸರು ಹುಡುಕಿದರೆ ನಿಮ್ಮ ಪಟ್ಟಿಯಲ್ಲಿ ಸಿಗುತ್ತಾ? ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೇ ಐಎಸ್‌ಒ/ಐಇಸಿ 17024 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಹೆಸರು ಎತ್ತಿದರೆ ಸಾಕು, ಎದುರಿನವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಈ ಕ್ಷೇತ್ರದಲ್ಲಿ ಜಾಸ್ತಿ ಕೇಳಿಬರುವ ಹೆಸರು ನಾಡ್ಕಾ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ಡಕ್ಟ್ ಕ್ಲೀನಿಂಗ್ ಕಂಪನಿಗಳ ಸಂಘ ಅದು. ಬೇರೆ ದೇಶಗಳಲ್ಲೂ ಅದರ ಸದಸ್ಯರಿದ್ದಾರೆ. ಅವರ ಮುಖ್ಯ ಪ್ರಮಾಣಪತ್ರ ಎಎಸ್‌ಸಿಎಸ್, ಅಂದರೆ ಏರ್ ಸಿಸ್ಟಮ್ಸ್ ಕ್ಲೀನಿಂಗ್ ಸ್ಪೆಷಲಿಸ್ಟ್. ಪರೀಕ್ಷೆಗೆ ತಳಹದಿ ಎಸಿಆರ್ ಅನ್ನುವ ಅವರ ಮಾನದಂಡ. ಅದರ 2021ರ ಆವೃತ್ತಿ ಸಿಗುತ್ತದೆ. ಸಂಘಕ್ಕೆ ಸೇರುವ ಕಂಪನಿಯಲ್ಲಿ ಎಎಸ್‌ಸಿಎಸ್ ಇರುವ ಒಬ್ಬರಾದರೂ ಇರಲೇಬೇಕು. ನಿನಗೆ ಕೆಲಸ ಸಿಗುವ ದಾರಿ ಅಲ್ಲೇ ಇದೆ. ಆ ಒಬ್ಬರು ಕೆಲಸ ಬಿಟ್ಟು ಹೋದರೆ ಕಂಪನಿ ಇನ್ನೊಬ್ಬರನ್ನು ಹುಡುಕಲೇಬೇಕಲ್ಲ. ತಪಾಸಣೆ ಮಾತ್ರ ಮಾಡುವವರಿಗೆ ಸಿವಿಐ ಅಂತ ಬೇರೆ ಪರೀಕ್ಷೆ ಇದೆ. ಬೂಷ್ಟು ತೆಗೆಯುವ ಕೆಲಸಕ್ಕೆ ವಿಎಸ್‌ಎಂಆರ್ ಇದೆ, ಅದು ಆಮೇಲಿನ ಮೆಟ್ಟಿಲು. ಯುರೋಪಿನ ಕಡೆ ಕೆಲಸ ಮಾಡುವವರು ಇಎನ್ 15780 ಮಾನದಂಡ ಓದಬೇಕು. ಬ್ರಿಟನ್ನಿನಲ್ಲಿ ಬೆಸಾ ಅನ್ನುವ ಸಂಸ್ಥೆಯ ಟಿಆರ್19 ಮಾನದಂಡ ನಡೆಯುತ್ತದೆ. ನೀನು ಎಲ್ಲಿ ಕೆಲಸ ಮಾಡುತ್ತೀಯೋ ಅಲ್ಲಿನ ಗುತ್ತಿಗೆ ಪತ್ರಗಳಲ್ಲಿ ಯಾವ ಮಾನದಂಡದ ಹೆಸರು ಬರೆಯುತ್ತಾರೆ ನೋಡು. ಅದನ್ನೇ ಮೊದಲು ಹಿಡಿ.

ಒಂದು ಸುಳ್ಳಿನ ಬಗ್ಗೆ ಎಚ್ಚರಿಕೆ. ‘ಇಪಿಎ ಸರ್ಟಿಫೈಡ್ ಡಕ್ಟ್ ಕ್ಲೀನಿಂಗ್’ ಅಂತ ಜಾಹೀರಾತು ಹಾಕುವವರಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ತಾನು ಡಕ್ಟ್ ಕ್ಲೀನಿಂಗಿಗೆ ಮಾನದಂಡ ಮಾಡುವುದಿಲ್ಲ, ಯಾವ ಡಕ್ಟ್ ಕ್ಲೀನಿಂಗ್ ಕಂಪನಿಗೂ ಪ್ರಮಾಣಪತ್ರ ಕೊಡುವುದಿಲ್ಲ, ಶಿಫಾರಸೂ ಮಾಡುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಆ ಬೋರ್ಡ್ ಇರುವ ಕಡೆ ಕೆಲಸಕ್ಕೆ ಸೇರುವ ಮೊದಲು ಯೋಚನೆ ಮಾಡು.

ಇನ್ನು ಎಲ್ಲಿಂದ ಶುರು ಅಂದೆಯಲ್ಲ. ಪರೀಕ್ಷೆ ಆಮೇಲೆ. ಮೊದಲು ಗಾಳಿ ಹೋಗುವ ದಾರಿ ಕಲಿ. ಈಗ ನೀನಿರುವ ಜಾಗ ಅದಕ್ಕೆ ಬಹಳ ಒಳ್ಳೆಯದು. ಪ್ರತಿ ಸೈಟಿನಲ್ಲೂ ಒಂದು ಹಾಳೆ ತಗೊಂಡು ಗೆರೆ ಎಳೆ. ಹೊರಗಿನ ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಕೋಣೆಯಿಂದ ವಾಪಸ್ ಬರುವ ಗಾಳಿ ಎಲ್ಲಿ ಸೇರಿಕೊಳ್ಳುತ್ತದೆ, ಫಿಲ್ಟರ್ ಎಲ್ಲಿ, ಗಾಳಿ ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ ಎಲ್ಲಿ, ಅದರ ಕೆಳಗೆ ನೀರು ಹಿಡಿಯುವ ಡ್ರೇನ್ ಪ್ಯಾನ್ ಎಲ್ಲಿ, ಗಾಳಿ ತಳ್ಳುವ ಬ್ಲೋವರ್ ಎಲ್ಲಿ, ಆಮೇಲೆ ಸಪ್ಲೈ ಡಕ್ಟ್ ಹೇಗೆ ಕವಲೊಡೆಯುತ್ತದೆ, ಗಾಳಿ ಹೆಚ್ಚು ಕಡಿಮೆ ಮಾಡುವ ಡ್ಯಾಂಪರ್‌ಗಳು ಎಲ್ಲಿವೆ, ಕೊನೆಗೆ ಯಾವ ಜಾಲರಿಯಿಂದ ಗಾಳಿ ಹೊರಗೆ ಬೀಳುತ್ತದೆ. ಹೀಗೆ ಬರೆದುಕೊಂಡರೆ ನಿನಗೇ ಗೊತ್ತಾಗುತ್ತದೆ, ಸಾಮಾನ್ಯವಾಗಿ ಧೂಳು ಜಾಸ್ತಿ ಕೂರುವುದು ರಿಟರ್ನ್ ಕಡೆ. ಕೋಣೆಯ ಧೂಳೆಲ್ಲ ಫಿಲ್ಟರ್ ತಲುಪುವ ಮೊದಲು ಆ ದಾರಿಯಲ್ಲೇ ಬರಬೇಕಲ್ಲ.

ಬ್ಲೋವರಿನ ರೆಕ್ಕೆಗಳನ್ನು ಟಾರ್ಚ್ ಹಾಕಿ ನೋಡು. ರೆಕ್ಕೆಯ ಒಳಬಾಗಿನಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಬೆರಳುಗುರಿನಲ್ಲಿ ಕೆರೆದರೆ ಪದರ ಪದರವಾಗಿ ಏಳುತ್ತದೆ. ರೆಕ್ಕೆಯ ಆಕಾರವೇ ಬದಲಾದಂತೆ ಆಗಿ ಫ್ಯಾನ್ ತಳ್ಳುವ ಗಾಳಿ ಕಡಿಮೆಯಾಗುತ್ತದೆ. ಡಕ್ಟನ್ನು ಫಳಫಳ ಮಾಡಿ ಇದನ್ನೂ ಕಾಯಿಲನ್ನೂ ಹಾಗೇ ಬಿಟ್ಟರೆ ಮತ್ತೆ ಗಾಳಿ ಶುರುವಾದ ಕೂಡಲೇ ಅಲ್ಲಿನ ಕೊಳೆ ಡಕ್ಟಿಗೆ ಬಂದು ಬೀಳುತ್ತದೆ. ಇಡೀ ವ್ಯವಸ್ಥೆಯನ್ನು ಒಂದಾಗಿ ಸ್ವಚ್ಛ ಮಾಡಬೇಕು ಅಂತ ಮಾನದಂಡ ಹೇಳುವುದು ಇದಕ್ಕೇ.

ಕೆಲಸದ ತತ್ವ ಸರಳ. ಡಕ್ಟಿನೊಳಗಿನ ಕೊಳೆಯನ್ನು ಎಬ್ಬಿಸಬೇಕು, ಎದ್ದದ್ದು ಕೋಣೆಗೆ ಬಾರದಂತೆ ಎಳೆದು ಹಿಡಿಯಬೇಕು. ಎಬ್ಬಿಸಲು ತಿರುಗುವ ಬ್ರಷ್, ಗಾಳಿಯಿಂದ ಚಾಟಿಯಂತೆ ಬಡಿಯುವ ಏರ್ ವಿಪ್, ಒತ್ತಡದ ಗಾಳಿ. ಎಳೆಯಲು ನೆಗೆಟಿವ್ ಏರ್ ಮಷಿನ್. ಕೆಲಸ ನಡೆಯುವಷ್ಟು ಹೊತ್ತೂ ಡಕ್ಟಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರಬೇಕು, ಬೇರೆ ಜಾಲರಿಗಳನ್ನು ಮುಚ್ಚಿರಬೇಕು, ಕೊಳೆ ಯಾವಾಗಲೂ ಮಷಿನ್ ಕಡೆಗೇ ಹೋಗಬೇಕು. ಬ್ರಷ್ ತಿರುಗಿಸುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ. ಕಷ್ಟ ಇರುವುದು ಎಲ್ಲಿ ತೂತು ಕೊರೆಯಬೇಕು, ಎಷ್ಟು ದೊಡ್ಡದು, ಕೆಲಸ ಆದ ಮೇಲೆ ಅದನ್ನು ಗಾಳಿ ಸೋರದ ಹಾಗೆ ಹೇಗೆ ಮುಚ್ಚಬೇಕು ಅನ್ನುವುದರಲ್ಲಿ. ಅದಕ್ಕೆ ತಗಡಿನ ಕೆಲಸ ಬಲ್ಲ ಹಿರಿಯರ ಪಕ್ಕ ನಿಂತು ಕಲಿಯಬೇಕು. ತಗಡು ಕತ್ತರಿ ಹಿಡಿಯಲು ಬಾರದವರು ಪರೀಕ್ಷೆ ಪಾಸಾಗಿ ಬಂದರೂ ನನಗೆ ಸಮಾಧಾನ ಇಲ್ಲ.

ಪ್ರಶ್ನೆ: ಮೇಡಂ, ನಾಲ್ಕು ವರ್ಷದಿಂದ ಡಕ್ಟ್ ಕ್ಲೀನಿಂಗ್ ತಂಡದಲ್ಲಿದ್ದೇನೆ. ಕೈ ಕೆಲಸ ಚೆನ್ನಾಗಿ ಬರುತ್ತದೆ. ಪರೀಕ್ಷೆ ಬರೆಯೋಣ ಅಂದರೆ ಲೆಕ್ಕ, ಅಳತೆ ಅಂದ ಕೂಡಲೇ ಭಯ. ಏನು ಓದಲಿ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಈ ಕೆಲಸಕ್ಕೆ ಬೇಕಾದ ಅಳತೆಗಳು ಕೆಲವೇ ಕೆಲವು. ಅವೆಲ್ಲ ನೀವು ದಿನಾ ಮುಟ್ಟುವ ವಸ್ತುಗಳಿಗೇ ಸೇರಿದವು. ಸೂತ್ರದಿಂದ ಶುರು ಮಾಡಬೇಡಿ, ವಸ್ತುವಿನಿಂದ ಶುರು ಮಾಡಿ.

ಹೆಪಾ ಫಿಲ್ಟರ್ ತಗೊಳ್ಳಿ. 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ಈ ಸಂಖ್ಯೆ ಬಾಯಿಪಾಠ ಮಾಡುವುದು ಸುಲಭ. ಯಾಕೆ ಬೇಕು ಅಂತ ತಿಳಿದುಕೊಳ್ಳಿ. ನಿಮ್ಮ ಮಷಿನ್ ಎಳೆದ ಗಾಳಿಯನ್ನು ಕಟ್ಟಡದ ಒಳಗೇ ಬಿಡುತ್ತಿದ್ದರೆ ಹೆಪಾ ಇಲ್ಲದೆ ಬಿಡುವಂತಿಲ್ಲ. ಬಿಟ್ಟರೆ ಡಕ್ಟಿನೊಳಗೆ ಸುಮ್ನೆ ಕೂತಿದ್ದ ಸಣ್ಣ ಧೂಳನ್ನು ನೀವೇ ಜನರ ಮೂಗಿಗೆ ಕಳಿಸಿದ ಹಾಗೆ. ಫಿಲ್ಟರ್ ಚೌಕಟ್ಟಿನಲ್ಲಿ ಸರಿಯಾಗಿ ಕೂರದಿದ್ದರೆ ಆ ಶೇ 99.97ಕ್ಕೆ ಅರ್ಥವೇ ಇಲ್ಲ. ಗಾಳಿ ಪಕ್ಕದ ಸಂದಿಯಲ್ಲಿ ನುಸುಳಿ ಹೋಗುತ್ತದೆ.

ಒತ್ತಡವನ್ನು ನೀರಿನ ಅಂಗುಲಗಳಲ್ಲಿ ಹೇಳುತ್ತಾರೆ. 1 ಅಂಗುಲ ನೀರು ಅಂದರೆ ಸುಮಾರು 249 ಪ್ಯಾಸ್ಕಲ್. ಒತ್ತಡ ಅಳೆಯುವ ಒಂದು ಮಾನೋಮೀಟರ್ ಇದ್ದರೆ ಕಾಯಿಲಿನ ಮುಂದೆ ಒಂದು ಕೊಳವೆ, ಹಿಂದೆ ಒಂದು ಕೊಳವೆ ಇಟ್ಟು ಓದಿ. ಸ್ವಚ್ಛ ಮಾಡುವ ಮೊದಲು ಒಂದು ಸಂಖ್ಯೆ, ಆದ ಮೇಲೆ ಒಂದು ಸಂಖ್ಯೆ. ಫ್ಯಾನ್ ಅದೇ ವೇಗದಲ್ಲಿರಬೇಕು, ಫಿಲ್ಟರ್ ಅದೇ ಇರಬೇಕು. ಇಲ್ಲದಿದ್ದರೆ ಎರಡನ್ನೂ ಹೋಲಿಸುವಂತಿಲ್ಲ. ಇದನ್ನು ಎರಡು ಮೂರು ಸೈಟಿನಲ್ಲಿ ಮಾಡಿದರೆ ಪುಸ್ತಕದ ಪಾಠ ತಾನಾಗಿಯೇ ತಲೆಗೆ ಹತ್ತುತ್ತದೆ.

ಮುಖ್ಯವಾದದ್ದು ಸ್ವಚ್ಛತೆಯ ಪರೀಕ್ಷೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಪರೀಕ್ಷೆಯಲ್ಲೂ ಬರುತ್ತದೆ, ಗಿರಾಕಿಯ ಜೊತೆ ಜಗಳ ಆಗುವುದೂ ಇಲ್ಲೇ.

ನಾಡ್ಕಾ ಮಾನದಂಡದಲ್ಲಿ ಮೊದಲನೆಯದು ಕಣ್ಣಿನಿಂದ ನೋಡುವುದು. ಕಣ್ಣಿಗೆ ಕಾಣುವ ಕೊಳೆ ಇರಬಾರದು. ಕಣ್ಣಿಗೆ ಸಮಾಧಾನ ಆಗಲಿಲ್ಲ ಅಂದರೆ ಎರಡನೆಯದು, ಒಂದೇ ಮೇಲ್ಮೈಯ ಎರಡು ಜಾಗವನ್ನು ಹೋಲಿಸುವುದು. ಬ್ರಷ್ ಇರುವ ವ್ಯಾಕ್ಯೂಮ್ ಮೂತಿಯನ್ನು ಡಕ್ಟಿನ ಒಳಮೈ ಮೇಲೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಹಿತವಾದ ಒತ್ತಡ ಕೊಟ್ಟು ಓಡಿಸಬೇಕು. ಆಮೇಲೆ ಆ ಪಟ್ಟಿಗೂ ಪಕ್ಕದ ಜಾಗಕ್ಕೂ ವ್ಯತ್ಯಾಸ ಕಾಣುತ್ತದಾ ನೋಡಬೇಕು. ಕಂಡರೆ ಆ ಡಕ್ಟ್ ಇನ್ನೂ ಸ್ವಚ್ಛ ಆಗಿಲ್ಲ. ತರಬೇತಿಗೆ ಬಂದವರ ಕೈಯಲ್ಲಿ ನಾನು ಇದನ್ನೇ ಮೊದಲು ಮಾಡಿಸುತ್ತೇನೆ. ಟಾರ್ಚನ್ನು ನೇರ ಹಿಡಿದಾಗ ತಗಡು ಚೆನ್ನಾಗಿಯೇ ಹೊಳೆಯುತ್ತದೆ. ಅದೇ ಟಾರ್ಚನ್ನು ತಗಡಿಗೆ ತಾಗಿದ ಹಾಗೆ ಓರೆಯಾಗಿ ಹಿಡಿದಾಗ ಬ್ರಷ್ ಓಡಿದ ಪಟ್ಟಿ ಬೇರೆಯಾಗಿ ಎದ್ದು ಕಾಣುತ್ತದೆ, ಪಕ್ಕದಲ್ಲಿ ಮಸುಕು ಉಳಿದಿರುತ್ತದೆ. ಅಲ್ಲಿಯವರೆಗೆ ‘ಆಗೋಯ್ತು ಮೇಡಂ’ ಅಂತಿದ್ದ ಹುಡುಗರು ಏನೂ ಮಾತಾಡದೆ ಬ್ರಷ್ ಎತ್ತಿಕೊಳ್ಳುತ್ತಾರೆ.

ಮೂರನೆಯದು ತೂಕ. ರಂಧ್ರವಿಲ್ಲದ ಗಟ್ಟಿ ಮೇಲ್ಮೈಗೆ ಮಾತ್ರ ಇದು. ಒಟ್ಟು 100 ಚದರ ಸೆಂಟಿಮೀಟರ್ ಜಾಗ ಬಿಟ್ಟ ಅಚ್ಚನ್ನು ಡಕ್ಟಿನ ಮೇಲಿಟ್ಟು, ಮೊದಲೇ ತೂಕ ಮಾಡಿದ ಫಿಲ್ಟರ್ ಇರುವ ಚಿಕ್ಕ ಡಬ್ಬಿಯ ಮೂಲಕ ಧೂಳು ಎಳೆದು, ಪ್ರಯೋಗಾಲಯದಲ್ಲಿ ಮತ್ತೆ ತೂಕ ನೋಡುತ್ತಾರೆ. ಸಿಕ್ಕ ಧೂಳು 0.75 ಮಿಲಿಗ್ರಾಂ ಮೀರಬಾರದು. ಒಂದು ಗ್ರಾಂನ ಸಾವಿರದಲ್ಲಿ ಒಂದು ಪಾಲು ಕೂಡ ಅಲ್ಲ, ಅದರಲ್ಲೂ ಮುಕ್ಕಾಲು. ಅಷ್ಟು ಸ್ವಲ್ಪ ಧೂಳಿಗೆ ಲೆಕ್ಕ ಕೊಡುವ ಕೆಲಸ ನಿಮ್ಮದು ಅಂತ ಗೊತ್ತಾದ ಮೇಲೆ ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ನಾನು ನೋಡಿದ್ದೇನೆ.

ಇದರ ಜೊತೆಗೆ ಫೈರ್ ಡ್ಯಾಂಪರ್ ಬಗ್ಗೆ ಓದಿ. ಬೆಂಕಿ ಬಿದ್ದಾಗ ಡಕ್ಟ್ ಮುಚ್ಚಿಕೊಳ್ಳುವ ಬಾಗಿಲು ಅದು. ಬಹಳಷ್ಟರಲ್ಲಿ ಸುಮಾರು 74 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಕೊಂಡಿ ಆ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ನಿಮ್ಮ ಬ್ರಷ್ ಆ ಕೊಂಡಿಗೆ ಬಡಿದು ಬಾಗಿಲು ಬಿದ್ದರೆ ಮುಂದಿನ ಕೋಣೆಗಳಿಗೆ ಗಾಳಿಯೇ ಹೋಗುವುದಿಲ್ಲ. ಹಾಗಂತ ತಂತಿ ಕಟ್ಟಿ ತೆರೆದಿಟ್ಟರೆ ಇನ್ನೂ ಅಪಾಯ. ಬೆಂಕಿ ಬಂದಾಗ ಅದು ಬೀಳುವುದೇ ಇಲ್ಲ. ಎಲ್ಲಿದೆ ಅಂತ ಮೊದಲೇ ಗುರುತು ಮಾಡಿ, ಆಮೇಲೆ ತೆರೆದಿದೆ ಅಂತ ನೋಡಿ, ವರದಿಯಲ್ಲಿ ಬರೆಯಿರಿ. ಡಕ್ಟಿನಲ್ಲಿ ಹೊಗೆ ಪತ್ತೆ ಯಂತ್ರ ಇದ್ದರೆ ಕೆಲಸ ಶುರು ಮಾಡುವ ಮೊದಲು ಕಟ್ಟಡದವರಿಗೆ ಹೇಳಿ. ಧೂಳಿಗೂ ಅದು ಕೂಗುತ್ತದೆ.

ಪ್ರಶ್ನೆ: ದೊಡ್ಡ ಡಕ್ಟಿನೊಳಗೆ ತೆವಳಿಕೊಂಡು ಹೋಗಲು ಸೂಪರ್‌ವೈಸರ್ ಹೇಳುತ್ತಾರೆ. ‘ಎರಡೇ ನಿಮಿಷದ ಕೆಲಸ, ಲಾಕ್ ಹಾಕೋದೆಲ್ಲ ಯಾಕೆ’ ಅನ್ನುತ್ತಾರೆ. ಒಳಗೆ ಹೋಗಲು ಬೇರೆ ತರಬೇತಿ ಬೇಕಾ? ಹೋಗಲ್ಲ ಅಂದರೆ ಕೆಲಸ ಹೋಗುತ್ತೆ ಅಂತ ಭಯ.

ಉತ್ತರ: ಬೇಕು. ಆ ತರಬೇತಿ ಆಗುವವರೆಗೆ ಒಳಗೆ ಹೋಗಬೇಡಿ. ನಿಮ್ಮ ಪತ್ರ ಓದಿದಾಗಿನಿಂದ ನನಗೆ ಕಳವಳ ಆಗುತ್ತಿದೆ.

ಲಾಕ್‌ಔಟ್ ಟ್ಯಾಗ್‌ಔಟ್ ಅಂದರೆ ಇಷ್ಟೇ. ಫ್ಯಾನಿಗೆ ಕರೆಂಟ್ ಹೋಗುವ ಸ್ವಿಚ್ಚನ್ನು ಆಫ್ ಮಾಡಿ, ಅದಕ್ಕೆ ನಿಮ್ಮದೇ ಬೀಗ ಹಾಕಿ, ಯಾರು ಯಾವಾಗ ಹಾಕಿದ್ದು ಅಂತ ಚೀಟಿ ತೂಗುಬಿಟ್ಟು, ಬೀಗದ ಕೈ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳುವುದು. ಆಮೇಲೆ ಸ್ಟಾರ್ಟ್ ಒತ್ತಿ, ಫ್ಯಾನ್ ತಿರುಗುವುದಿಲ್ಲ ಅಂತ ಖಚಿತ ಮಾಡಿಕೊಳ್ಳುವುದು. ಕಟ್ಟಡದ ಫ್ಯಾನುಗಳು ಎಷ್ಟೋ ಕಡೆ ಟೈಮರ್ ಮೇಲೆ, ಕಂಪ್ಯೂಟರ್ ಮೇಲೆ ತಾನಾಗಿಯೇ ಶುರುವಾಗುತ್ತವೆ. ಒಳಗೆ ನೀವಿದ್ದೀರಿ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಸ್ವಿಚ್ ಆಫ್ ಆದ ಮೇಲೂ ದೊಡ್ಡ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಲ್ಲುವವರೆಗೆ ಕೈ ಹಾಕಬಾರದು.

ಇಕ್ಕಟ್ಟಾದ ಜಾಗದ ಕೆಲಸಕ್ಕೆ ಪ್ರತ್ಯೇಕ ತರಬೇತಿ ಇದೆ. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸಂಸ್ಥೆ ಒಶಾದ ನಿಯಮದಲ್ಲಿ ಒಳಗಿನ ಗಾಳಿಯಲ್ಲಿ ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯೂ ಇರಬಾರದು, ಶೇ 23.5ಕ್ಕಿಂತ ಜಾಸ್ತಿಯೂ ಇರಬಾರದು ಅಂತಿದೆ. ಅದನ್ನು ಮೂಗಿನಿಂದ ಅಳೆಯಲು ಆಗುವುದಿಲ್ಲ, ಮೀಟರ್ ಬೇಕು. ಅನುಮತಿ ಬೇಕಾದಷ್ಟು ಅಪಾಯದ ಜಾಗವಾದರೆ ಹೊರಗೆ ಒಬ್ಬರು ನಿಮಗಾಗಿಯೇ ನಿಂತಿರಬೇಕು. ಅವರಿಗೆ ಬೇರೆ ಕೆಲಸ ಕೊಡಬಾರದು. ನಿಮಗೆ ಏನಾದರೂ ಆದರೆ ಅವರು ಸಹಾಯಕ್ಕೆ ಕರೆಯಬೇಕು, ತಾವೇ ಒಳಗೆ ನುಗ್ಗಬಾರದು. ಇಂಥ ಜಾಗಗಳಲ್ಲಿ ಕಾಪಾಡಲು ಹೋದವರೂ ಸತ್ತಿರುವುದು ಎಷ್ಟೋ ಇದೆ.

ಇನ್ನೊಂದು ವಿಷಯ ಬಹಳ ಜನ ಯೋಚಿಸುವುದಿಲ್ಲ. ಡಕ್ಟನ್ನು ಮಾಡಿರುವುದು ಗಾಳಿ ಸಾಗಿಸಲು, ಮನುಷ್ಯರ ಭಾರ ಹೊರಲು ಅಲ್ಲ. ತೂಗುಹಾಕಿದ ಪಟ್ಟಿ ಕಿತ್ತು ಬಂದರೆ ಡಕ್ಟಿನ ಜೊತೆ ನೀವೂ ಕೆಳಗೆ ಬೀಳುತ್ತೀರಿ. ಈಗ ಕ್ಯಾಮೆರಾ ಇರುವ ಪುಟ್ಟ ರೋಬೋಟ್‌ಗಳಿವೆ, ಉದ್ದ ಕೇಬಲ್ಲಿನ ಬ್ರಷ್‌ಗಳಿವೆ, ಇನ್ನೊಂದು ಬಾಗಿಲು ಕೊರೆಯುವ ದಾರಿಯೂ ಇದೆ. ಒಳಗೆ ಹೋಗುವುದು ಎಲ್ಲಕ್ಕಿಂತ ಕೊನೆಯ ಆಯ್ಕೆ ಆಗಬೇಕು.

ಸೂಪರ್‌ವೈಸರ್‌ಗೆ ಹೋಗಲ್ಲ ಅನ್ನಬೇಡಿ, ‘ಸರ್, ತರಬೇತಿ ಮುಗಿದ ಮೇಲೆ, ಬೀಗ ಹಾಕಿ, ಮೀಟರ್ ಹಿಡಿದು ನೋಡಿ, ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಹೋಗ್ತೀನಿ. ತರಬೇತಿಗೆ ನನ್ನ ಹೆಸರು ಕೊಡಿ’ ಅನ್ನಿ. ಬರೆದೂ ಕೊಡಿ. ಇಷ್ಟಕ್ಕೂ ಒಪ್ಪದ ಕಡೆ ಕೆಲಸ ಹೋದರೆ ಹೋಗಲಿ. ಬೇರೆ ಕೆಲಸ ಹುಡುಕಬಹುದು. ಇದನ್ನು ನಾನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ.

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಅಸ್ತಮಾ ಇದೆ. ಈ ಕೆಲಸ ಮಾಡಬಹುದಾ?

ಉತ್ತರ: ಡಾಕ್ಟರ್ ಹತ್ತಿರ ಹೋಗಿ, ‘ಧೂಳಿನಲ್ಲಿ ಮಾಸ್ಕ್ ಹಾಕಿಕೊಂಡು ಗಂಟೆಗಟ್ಟಲೆ ಕೆಲಸ’ ಅಂತ ಬಿಡಿಸಿ ಹೇಳಿ. ಬಿಗಿಯಾಗಿ ಕೂರುವ ಮಾಸ್ಕ್ ಹಾಕಿದಾಗ ಉಸಿರಾಟಕ್ಕೆ ಶ್ರಮ ಜಾಸ್ತಿ ಬೇಕು. ಅದಕ್ಕೇ ಮಾಸ್ಕ್ ಕೊಡುವ ಮೊದಲು ವೈದ್ಯಕೀಯ ತಪಾಸಣೆ, ಆಮೇಲೆ ಮುಖಕ್ಕೆ ಸರಿಯಾಗಿ ಕೂರುತ್ತದಾ ಅಂತ ಫಿಟ್ ಟೆಸ್ಟ್ ಮಾಡಬೇಕು ಅನ್ನುವ ನಿಯಮ ಇರುವುದು. ಗಡ್ಡ ಇದ್ದವರಿಗೂ ಇದು ಅನ್ವಯಿಸುತ್ತದೆ, ಕೂದಲಿನ ಸಂದಿಯಲ್ಲಿ ಗಾಳಿ ಸೋರುತ್ತದೆ. ಡಾಕ್ಟರ್ ಬೇಡ ಅಂದರೆ ಹಟ ಮಾಡಬೇಡಿ. ನಕ್ಷೆ ಓದುವುದು, ಕ್ಯಾಮೆರಾ ಚಿತ್ರ ನೋಡಿ ವರದಿ ಬರೆಯುವುದು, ಕೆಲಸದ ಅಂದಾಜು ಮಾಡುವುದು, ಇವೂ ಇದೇ ಕ್ಷೇತ್ರದ ಕೆಲಸಗಳೇ.

ಪ್ರಶ್ನೆ: ನಮ್ಮ ಕಂಪನಿ ತುಂಬಾ ಕಡಿಮೆ ರೇಟು ಹೇಳಿ ಒಳಗೆ ಹೋಗುತ್ತದೆ. ಆಮೇಲೆ ಡಕ್ಟಿಗೆ ಹತ್ತಿ ಒರೆಸಿ ‘ನೋಡಿ ಬೂಷ್ಟು’ ಅಂತ ತೋರಿಸಿ, ಔಷಧಿ ಹೊಡೆಯಲು ನಾಲ್ಕು ಪಟ್ಟು ಬಿಲ್ ಮಾಡುತ್ತಾರೆ. ಈ ಮಾತು ನನ್ನ ಬಾಯಿಂದಲೇ ಹೇಳಿಸುತ್ತಾರೆ. ಇಲ್ಲೇ ಅನುಭವ ಪಡೆದು ಆಮೇಲೆ ಸರ್ಟಿಫಿಕೇಟ್ ಮಾಡಲಾ?

ಉತ್ತರ: ಅಲ್ಲಿ ನಿಮಗೆ ಸಿಗುತ್ತಿರುವುದು ಈ ಕೆಲಸದ ಅನುಭವ ಅಲ್ಲ. ಆದಷ್ಟು ಬೇಗ ಬೇರೆ ಕಡೆ ನೋಡಿಕೊಳ್ಳಿ.

ಹತ್ತಿಯ ಮೇಲೆ ಕಪ್ಪಾಗಿ ಕಂಡದ್ದೆಲ್ಲ ಬೂಷ್ಟು ಅಲ್ಲ. ಧೂಳೂ ಕಪ್ಪಗಿರುತ್ತದೆ. ಬೂಷ್ಟು ಹೌದೋ ಅಲ್ಲವೋ ಅಂತ ಖಚಿತವಾಗಿ ಹೇಳಲು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ನಿಜವಾಗಿ ಬೂಷ್ಟೇ ಆಗಿದ್ದರೆ ಎಲ್ಲೋ ತೇವ ಇದೆ ಅಂತ ಅರ್ಥ. ಡ್ರೇನ್ ಪ್ಯಾನ್ ಕಟ್ಟಿಕೊಂಡಿರಬಹುದು, ಡಕ್ಟಿನ ಹೊರಹೊದಿಕೆ ಕಿತ್ತು ಬೆವರುತ್ತಿರಬಹುದು. ಆ ನೀರನ್ನು ನಿಲ್ಲಿಸದೆ ಏನು ಹೊಡೆದರೂ ಮತ್ತೆ ಬೆಳೆಯುತ್ತದೆ. ಡಕ್ಟಿನ ಒಳಗೆ ಫೈಬರ್‌ಗ್ಲಾಸ್ ಹೊದಿಕೆ ಇದ್ದು ಅದು ನೆಂದು ಬೂಷ್ಟು ಹಿಡಿದಿದ್ದರೆ ಸ್ವಚ್ಛ ಮಾಡಲು ಆಗುವುದೇ ಇಲ್ಲ, ತೆಗೆದು ಹೊಸದು ಹಾಕಬೇಕು. ಇಂಥ ಹೊದಿಕೆಗೆ ಹೊಡೆಯಲು ಅಂತ ತಾನು ನೋಂದಾಯಿಸಿದ ಯಾವ ಕ್ರಿಮಿನಾಶಕವೂ ಇಲ್ಲ ಅಂತ ಇಪಿಎ ತಿಳಿಸಿದೆ. ಅಂದ ಮೇಲೆ ನಿಮ್ಮ ಕಂಪನಿ ಹೊಡೆಯುವ ಔಷಧಿಯ ಲೇಬಲ್ ಮೇಲೆ ಏನು ಬರೆದಿದೆ, ಒಮ್ಮೆ ಓದಿ ನೋಡಿ.

ಜನರ ಆರೋಗ್ಯದ ಹೆಸರಿನಲ್ಲಿ ಹೆದರಿಸುವುದನ್ನು ನಾನು ಒಪ್ಪುವುದಿಲ್ಲ. ಡಕ್ಟ್ ಸ್ವಚ್ಛ ಮಾಡಿದರೆ ಕಾಯಿಲೆ ಬರುವುದಿಲ್ಲ ಅಂತ ಸಾಬೀತಾಗಿಲ್ಲ. ಸುಮ್ಮನೆ ವರ್ಷಕ್ಕೊಮ್ಮೆ ಮಾಡಿಸಿ ಅಂತ ಇಪಿಎ ಕೂಡ ಹೇಳುವುದಿಲ್ಲ. ಮನೆಗಳಿಗೆ ಅದು ಹೇಳುವ ಕಾರಣಗಳು ಮೂರು. ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿರುವುದು, ಇಲಿ ಅಥವಾ ಹುಳಹುಪ್ಪಟೆ ಸೇರಿಕೊಂಡಿರುವುದು, ಡಕ್ಟ್ ಕಟ್ಟಿಕೊಳ್ಳುವಷ್ಟು ಧೂಳು ತುಂಬಿ ಜಾಲರಿಯಿಂದ ಕೋಣೆಗೆ ಬೀಳುತ್ತಿರುವುದು. ಈ ಮಾತನ್ನು ಗಿರಾಕಿಗೆ ನೇರವಾಗಿ ಹೇಳಿ, ‘ನಿಮ್ಮದರಲ್ಲಿ ಏನಿಲ್ಲ, ಫಿಲ್ಟರ್ ಬದಲಾಯಿಸಿ ಸಾಕು’ ಅಂದು ವಾಪಸ್ ಬಂದ ತಂಡಗಳನ್ನು ನಾನು ಬಲ್ಲೆ. ಅವರಿಗೆ ಕೆಲಸ ಕಡಿಮೆಯಾಗಲಿಲ್ಲ. ಆ ಗಿರಾಕಿಗಳೇ ನಾಲ್ಕು ಜನರಿಗೆ ಅವರ ಹೆಸರು ಹೇಳಿದರು.

ಹೊಸ ಕಡೆ ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಿ. ಕಾಯಿಲ್, ಬ್ಲೋವರ್ ಸೇರಿಸಿಯೇ ರೇಟು ಹೇಳುತ್ತೀರಾ? ಮೊದಲು ಮತ್ತು ನಂತರದ ಫೋಟೋ ಕೊಡುತ್ತೀರಾ? ಹಳೆಯ ಕಟ್ಟಡದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಅಂತ ಅನುಮಾನ ಬಂದರೆ ಏನು ಮಾಡುತ್ತೀರಿ? ಈ ಕೊನೆಯದಕ್ಕೆ ಸರಿಯಾದ ಉತ್ತರ ಒಂದೇ: ಕೆಲಸ ನಿಲ್ಲಿಸಿ, ಕಲ್ನಾರು ತೆಗೆಯುವ ಪರವಾನಗಿ ಇರುವವರನ್ನು ಕರೆಸುತ್ತೇವೆ.

ಪ್ರಶ್ನೆ: ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬಹುದಾ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.

ಉತ್ತರ: ಬನ್ನಿ ಅಮ್ಮಾ. ಪರೀಕ್ಷೆಯಲ್ಲಿ ಗಂಡು ಹೆಣ್ಣು ಅಂತ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಮಷಿನ್ ಭಾರ ಇರುತ್ತದೆ, ಅದನ್ನು ಗಂಡಸರೂ ಒಬ್ಬರೇ ಎತ್ತಬಾರದು. ಒಂದು ಮಾತ್ರ ಮರೆಯಬೇಡಿ. ಮಾಸ್ಕ್, ಕೈಗವಸು, ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟ್, ಎಲ್ಲ ನಿಮ್ಮ ಅಳತೆಯದೇ ಬೇಕು ಅಂತ ಸೇರುವ ದಿನವೇ ಕೇಳಿ. ದೊಡ್ಡ ಅಳತೆಯ ಮಾಸ್ಕ್ ಕೊಟ್ಟು ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಒಪ್ಪಬೇಡಿ.

ಪ್ರಶ್ನೆ: ಎಸಿ ಡಕ್ಟ್ ಬಿಟ್ಟು ಹೋಟೆಲ್ ಅಡುಗೆಮನೆಯ ಎಕ್ಸಾಸ್ಟ್ ಕ್ಲೀನಿಂಗ್ ಹಿಡಿದರೆ ಹೇಗೆ? ಅದೇ ಸರ್ಟಿಫಿಕೇಟ್ ಸಾಕಾ?

ಉತ್ತರ: ಸಾಲದು. ಹೊರಗಿನಿಂದ ಎರಡೂ ಡಕ್ಟೇ, ಆದರೆ ಕೆಲಸ ಬೇರೆ. ಎಸಿ ಡಕ್ಟಿನಲ್ಲಿ ಒಣ ಧೂಳು, ಎಕ್ಸಾಸ್ಟಿನಲ್ಲಿ ಜಿಡ್ಡು. ಜಿಡ್ಡು ಅಂದರೆ ಬೆಂಕಿ. ಒಲೆಯ ಮೇಲಿನ ಜ್ವಾಲೆ ಹೊಗೆ ಹೀರುವ ಹುಡ್ ದಾಟಿ ಡಕ್ಟಿನ ಜಿಡ್ಡಿಗೆ ಹತ್ತಿದರೆ ಛಾವಣಿಯ ಫ್ಯಾನಿನವರೆಗೂ ಓಡುತ್ತದೆ. ಇಲ್ಲಿ ಎಲ್ಲರೂ ಹೇಳುವುದು ಅಮೆರಿಕದ ಅಗ್ನಿ ಸುರಕ್ಷತಾ ಸಂಘದ ಮಾನದಂಡ ಎನ್‌ಎಫ್‌ಪಿಎ 96. ಸೌದೆ, ಇದ್ದಿಲು ಉರಿಸುವ ಅಡುಗೆಮನೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ದಿನವಿಡೀ ನಡೆಯುವ ಭಾರಿ ಅಡುಗೆಮನೆಯನ್ನು ಮೂರು ತಿಂಗಳಿಗೊಮ್ಮೆ, ಮಧ್ಯಮ ಪ್ರಮಾಣದ್ದನ್ನು ಆರು ತಿಂಗಳಿಗೊಮ್ಮೆ, ಅಪರೂಪಕ್ಕೆ ನಡೆಯುವುದನ್ನು ವರ್ಷಕ್ಕೊಮ್ಮೆ ಅಂತ ಅದರಲ್ಲಿದೆ. ಬ್ರಿಟನ್ನಿನ ಟಿಆರ್19 ಗ್ರೀಸ್ ಅನ್ನುವುದು ಜಿಡ್ಡಿನ ಪದರವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯಲು ಹೇಳುತ್ತದೆ. ಸರಾಸರಿ 200 ಮೈಕ್ರಾನ್ ಮುಟ್ಟುವ ಮೊದಲೇ ತೆಗೆಸಬೇಕು.

ಪ್ರಮಾಣಪತ್ರಕ್ಕೆ ಐಕೀಕಾ ಅನ್ನುವ ಬೇರೆ ಸಂಘವೇ ಇದೆ. ತಂತ್ರಜ್ಞರಿಗೆ ಒಂದು, ಪರಿಣತರಿಗೆ ಒಂದು, ತಪಾಸಣೆ ಮಾಡುವವರಿಗೆ ಒಂದು ಅಂತ ಪರೀಕ್ಷೆಗಳಿವೆ. ಕೆಲಸ ಬಹುತೇಕ ರಾತ್ರಿ, ಅಡುಗೆಮನೆ ಮುಚ್ಚಿದ ಮೇಲೆ. ಬಿಸಿನೀರು, ತೀಕ್ಷ್ಣವಾದ ಕ್ಷಾರ, ಜಾರುವ ನೆಲ, ಛಾವಣಿಯ ಮೇಲೆ ಕೆಲಸ. ಕಣ್ಣಿಗೆ ಕನ್ನಡಕ ಹಾಕದೆ ಕೆಮಿಕಲ್ ಮುಟ್ಟಲೇಬೇಡಿ. ಆದರೆ ಕೆಲಸ ನಿಲ್ಲದೆ ಬರುತ್ತಿರುತ್ತದೆ, ಯಾಕೆಂದರೆ ಜಿಡ್ಡು ಮತ್ತೆ ಕೂರುತ್ತಲೇ ಇರುತ್ತದೆ. ರಾತ್ರಿ ಪಾಳಿ ನಿಮ್ಮ ಮನೆಗೆ ಹೊಂದುತ್ತದೆ ಅನ್ನಿಸಿದರೆ ಧೈರ್ಯವಾಗಿ ಹಿಡಿಯಿರಿ.

ಪ್ರಶ್ನೆ: ಕೊರೆದ ತೂತು ಮುಚ್ಚಲು ಬಟ್ಟೆಯ ಡಕ್ಟ್ ಟೇಪ್ ಹಾಕುತ್ತೇವೆ. ಸರಿ ತಾನೇ?

ಉತ್ತರ: ಸರಿಯಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 1998ರಲ್ಲಿ ಡಕ್ಟ್ ಮುಚ್ಚುವ ಟೇಪು, ಅಂಟುಗಳನ್ನೆಲ್ಲ ಬಿಸಿಯಲ್ಲಿಟ್ಟು ಪರೀಕ್ಷೆ ಮಾಡಿದಾಗ ಬಿಟ್ಟುಕೊಂಡದ್ದು ಈ ಬಟ್ಟೆಯ ಟೇಪೇ. ತೂತಿಗಿಂತ ದೊಡ್ಡದಾದ ತಗಡಿನ ತುಂಡು ಇಟ್ಟು, ಸ್ಕ್ರೂ ಹಾಕಿ, ಅಂಚಿಗೆ ಮ್ಯಾಸ್ಟಿಕ್ ಅನ್ನುವ ಅಂಟುಲೇಪ ಹಚ್ಚಿ, ಇಲ್ಲವೇ ಡಕ್ಟಿಗೆ ಅಂತಲೇ ಇರುವ ಯುಎಲ್ 181 ಮಾನದಂಡದ ಗುರುತು ಇರುವ ಫಾಯಿಲ್ ಟೇಪ್ ಅಂಟಿಸಿ. ಟೇಪ್ ಹಚ್ಚುವ ಮೊದಲು ತಗಡಿನ ಧೂಳು, ಎಣ್ಣೆ ಒರೆಸಿ. ಒಳಗೆ ಚಾಚುವ ಸ್ಕ್ರೂ ಆದಷ್ಟು ಚಿಕ್ಕದಿರಲಿ, ಮುಂದಿನ ಸಲ ಬ್ರಷ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಹೊದಿಕೆ ಕತ್ತರಿಸಿದ್ದರೆ ಅದನ್ನೂ ವಾಪಸ್ ಜೋಡಿಸಿ ಸೀಲ್ ಮಾಡಿ, ಇಲ್ಲದಿದ್ದರೆ ತಣ್ಣನೆಯ ಡಕ್ಟ್ ಅಲ್ಲೇ ಬೆವರಲು ಶುರುಮಾಡುತ್ತದೆ. ಯಾವ ಯಾವ ಜಾಗದಲ್ಲಿ ಕೊರೆದಿರಿ ಅಂತ ನಕ್ಷೆಯಲ್ಲಿ ಗುರುತು ಹಾಕಿ, ವರದಿಯ ಜೊತೆ ಕಟ್ಟಡದವರ ಕೈಗೆ ಕೊಡಿ. ಮುಂದೆ ಬರುವ ತಂಡಕ್ಕೆ ಹೊಸದಾಗಿ ಕೊರೆಯುವ ಕೆಲಸ ತಪ್ಪುತ್ತದೆ.